ಐಸಿಯುಗೆ ಹೊಸಬಳು: ಅಡ್ರಿನಾಲಿನ್, ನಾರ್‌ಅಡ್ರಿನಾಲಿನ್, ಡೋಪಮಿನ್ ಬಗ್ಗೆ ನಿಮ್ಮ ಅನುಭವ ಹೇಳಿ

ಕೇಳಿದವರು: ಹೊಸ ಸ್ಟಾಫ್, ತುಮಕೂರು ಕಡೆ

ಜಿಎನ್‌ಎಂ ನರ್ಸಿಂಗ್ ಮುಗಿಸಿ ಒಂದು ವರ್ಷ ಜನರಲ್ ವಾರ್ಡ್‌ನಲ್ಲಿದ್ದೆ. ಬರೋ ಸೋಮವಾರದಿಂದ ಐಸಿಯುಗೆ ಹಾಕಿದ್ದಾರೆ. ಬಿಪಿ ಏರಿಸೋ ಈ ಔಷಧಿಗಳು ದೇಹದ ಯಾವ ರಿಸೆಪ್ಟರ್ (ಔಷಧಿ ಹೋಗಿ ಕೂರೋ ಜಾಗ) ಮೇಲೆ ಕೆಲಸ ಮಾಡ್ತವೆ ಅನ್ನೋ ಆಲ್ಫಾ, ಬೀಟಾ ಟೇಬಲ್ಲನ್ನ ಪರೀಕ್ಷೆಗೆ ಬಾಯಿಪಾಠ ಮಾಡಿದ್ದೆ, ಪರೀಕ್ಷೆ ಮುಗಿದ ದಿನವೇ ಮರೆತೆ. ಅಲ್ಲಿ ಹೋಗಿ ನೋಡಿದರೆ ಒಂದೊಂದು ಬೆಡ್‌ಗೆ ಮೂರು ಮೂರು ಸಿರಿಂಜ್ ಪಂಪ್. ನೀವೆಲ್ಲ ಹೇಗೆ ನೆನಪಿಟ್ಟುಕೊಂಡಿರಿ? ಎಲ್ಲಿ ಎಡವಿದಿರಿ? ಪುಸ್ತಕದ ಹೆಸರು ಬೇಡ, ನಿಮಗೆ ಆದದ್ದು ಹೇಳಿ.

ಐಸಿಯು ಇನ್‌ಚಾರ್ಜ್, ಮೈಸೂರು

ತಂಗಿ, ಟೇಬಲ್ ನನಗೂ ನೆನಪಿಲ್ಲ. ಹೃದಯ ಒಂದು, ಅದಕ್ಕೆ ಬೀಟಾ ಒಂದು. ಶ್ವಾಸಕೋಶ ಎರಡು, ಅದಕ್ಕೆ ಬೀಟಾ ಎರಡು. ಆಲ್ಫಾ ಒಂದು ಅಂದರೆ ರಕ್ತನಾಳ ಬಿಗಿಯೋದು. ಶುರುವಿಗೆ ಇಷ್ಟು ಸಾಕು. ನಾರ್‌ಅಡ್ರಿನಾಲಿನ್, ಅಂದರೆ ನಮ್ಮ ನಾರ್‌ಅಡ್, ಹೆಚ್ಚಾಗಿ ಆಲ್ಫಾ, ಸ್ವಲ್ಪ ಬೀಟಾ ಒಂದು. ಡೊಬುಟಮಿನ್ ಮುಖ್ಯವಾಗಿ ಬೀಟಾ ಒಂದು, ಹೃದಯಕ್ಕೆ ಬಲ ಕೊಡುತ್ತೆ, ರಕ್ತನಾಳ ಬಿಗಿಯಲ್ಲ. ಹಾಗಾಗಿ ಅದನ್ನ ಶುರು ಮಾಡಿದ ಮೇಲೆ ಬಿಪಿ ಏರುವ ಬದಲು ಇಳಿದರೂ ಗಾಬರಿಯಾಗಬೇಡ, ಡಾಕ್ಟರಿಗೆ ಹೇಳು. ಅಡ್ರಿನಾಲಿನ್‌ಗೆ ಎಲ್ಲವೂ ಬೇಕು. ಅದು ಓಡ್ತಿರೋ ಪೇಷಂಟಿಗೆ ಶುಗರ್ ಏರುತ್ತೆ, ಜಿಆರ್‌ಬಿಎಸ್ (ಗ್ಲೂಕೋಮೀಟರ್ ಶುಗರ್) ನೋಡ್ತಾ ಇರಬೇಕು.

ಡ್ಯೂಟಿಗೆ ಬಂದ ಕೂಡಲೇ ಮಾನಿಟರ್ ನೋಡೋ ಮೊದಲು ಹೊದಿಕೆ ಸರಿಸಿ ಪೇಷಂಟಿನ ಪಾದ ಮುಟ್ಟು. ಎಂಎಪಿ (ಸರಾಸರಿ ಬಿಪಿ) 65ಕ್ಕಿಂತ ಮೇಲಿದೆ ಅಂತ ಮಾನಿಟರ್ ಹೇಳುತ್ತೆ. ಆದರೆ ಆ 65 ತರೋದಕ್ಕೆ ಬೆರಳ ತುದಿಯ ರಕ್ತವನ್ನೆಲ್ಲ ಹಿಂಡಿದ್ದರೆ ಅದು ಪಾದದಲ್ಲಿ ಗೊತ್ತಾಗುತ್ತೆ. ತಣ್ಣಗಿದೆಯಾ, ಬೆರಳು ನೀಲಿಯಾ, ಉಗುರು ಒತ್ತಿ ಬಿಟ್ಟರೆ ಕೆಂಪು ಎಷ್ಟು ಹೊತ್ತಿಗೆ ಬರುತ್ತೆ? ಆಮೇಲೆ ಯೂರಿನ್ ಬ್ಯಾಗ್. ಗಂಟೆಗೆ ಕಿಲೋಗೆ ಅರ್ಧ ಎಂಎಲ್ ಬರ್ತಿಲ್ಲ ಅಂದರೆ ಬಿಪಿ ಚೆನ್ನಾಗಿದೆ ಅಂತ ಸುಮ್ಮನಿರಬೇಡ.

ಇನ್ನು ನಾನು ಎಡವಿದ್ದು. ಐಸಿಯುನಲ್ಲಿ ನನ್ನ ಎರಡನೇ ತಿಂಗಳು, ರಾತ್ರಿ ಮೂರು ಗಂಟೆ. ನಾರ್‌ಅಡ್ ಸಿರಿಂಜ್ ಖಾಲಿಯಾಗ್ತಾ ಇದೆ ಅಂತ ಪಂಪ್ ಕೂಗ್ತು. ಆಂಪ್ಯೂಲ್ ಒಡೆದು, ಡೆಕ್ಸ್‌ಟ್ರೋಸ್ ಎಳೆದು, ಲೇಬಲ್ ಬರೆದು, ಹಳೇ ಸಿರಿಂಜ್ ತೆಗೆದು ಹೊಸದನ್ನ ಕೂರಿಸೋ ಹೊತ್ತಿಗೆ ಬಿಪಿ 54ಕ್ಕೆ 30. ನಾರ್‌ಅಡ್ ರಕ್ತದಲ್ಲಿ ಉಳಿಯೋದೇ ಒಂದೆರಡು ನಿಮಿಷ, ನನ್ನ ಕೈ ಅದಕ್ಕಿಂತ ನಿಧಾನ. ಡ್ಯೂಟಿ ಡಾಕ್ಟರ್ ಓಡಿ ಬಂದರು, ಪೇಷಂಟ್ ಸುಧಾರಿಸಿಕೊಂಡರು, ನನ್ನ ಕಾಲು ಮಾತ್ರ ಬೆಳಗಿನವರೆಗೂ ನಡುಗ್ತಿತ್ತು. ಅಲ್ಲಿಂದೀಚೆಗೆ ಹತ್ತು ಎಂಎಲ್ ಉಳಿದಿರುವಾಗಲೇ ಮುಂದಿನ ಸಿರಿಂಜ್ ತಯಾರು ಮಾಡಿ ಎರಡನೇ ಪಂಪ್‌ನಲ್ಲಿ ಕೂರಿಸಿ ಇಟ್ಟಿರ್ತೀನಿ. ನಿಮ್ಮಲ್ಲಿ ಸಿರಿಂಜ್ ಬದಲಿಸೋ ಪದ್ಧತಿ ಏನಿದೆಯೋ ಮೊದಲ ದಿನವೇ ಕೇಳಿಕೋ, ನೋಡಿಕೋ.

ಇದಕ್ಕೆ ಉಲ್ಟಾ ತಪ್ಪೂ ಇದೆ. ನಾರ್‌ಅಡ್ ಹೋಗ್ತಿರೋ ಲೂಮೆನ್‌ನಲ್ಲೇ (ಸೆಂಟ್ರಲ್ ಲೈನಿನ ಒಂದು ಕವಲು) ಆಂಟಿಬಯೋಟಿಕ್ ತಳ್ಳಿದರೆ ಪೈಪ್‌ನಲ್ಲಿದ್ದ ಔಷಧಿಯೆಲ್ಲ ಒಂದೇ ಏಟಿಗೆ ಒಳಗೆ ಹೋಗುತ್ತೆ, ಬಿಪಿ 220 ದಾಟಬಹುದು. ಆ ಲೂಮೆನ್‌ಗೆ ಟೇಪ್ ಸುತ್ತಿ ಹೆಸರು ಬರೆದುಬಿಡು. ಸೋಡಾಬೈಕಾರ್ಬ್ ಅಂತೂ ಅದರ ಹತ್ತಿರವೂ ಬೇಡ, ಕ್ಷಾರದಲ್ಲಿ ಈ ಔಷಧಿಗಳು ಕೆಡ್ತವೆ.

ಮೇಲ್ ನರ್ಸ್, ಕ್ಯಾಷುಯಾಲ್ಟಿ, ಬಾಗಲಕೋಟಿ ಕಡೆ

ಅಕ್ಕಾರು ಪಾದ ಮುಟ್ಟು ಅಂದದ್ದು ಖರೇ. ನಮ್ಮ ಕಡೆ ಅದನ್ನ ಚೇಳು ಕಲಿಸ್ತದ.

ಕೆಂಪು ಚೇಳು ಕಡದ ಹುಡುಗ ಬಂತಂದ್ರ ಕೈಕಾಲು ಮಂಜಿನಂಗ ತಣ್ಣಗ, ಮೈಯೆಲ್ಲ ಬೆವರು, ಎದಿ ಡವಡವ. ಚೇಳಿನ ವಿಷ ಮೈಯಾಗಿನ ಅಡ್ರಿನಾಲಿನ್, ನಾರ್‌ಅಡ್ರಿನಾಲಿನ್ ಎಲ್ಲಾ ಒಮ್ಮೆಲೆ ಹೊರಗ ಸುರೀತದ. ನೀವು ಪಂಪಿನಾಗ ಅಳದು ಅಳದು ಕೊಡೋದನ್ನ ಅದು ಅಳತಿಲ್ಲದ ಕೊಟ್ಟಂಗ. ಅದಕ್ಕ ನಾವು ಆಲ್ಫಾ ಮುಚ್ಚೋ ಪ್ರಾಜೋಸಿನ್ ಕೊಡತೀವಿ, ಕಿಲೋಕ್ಕ 30 ಮೈಕ್ರೋಗ್ರಾಂ, ಬೇಕಾದ್ರ ಮೂರು ತಾಸಿಗೊಮ್ಮೆ ಮತ್ತ. ಮಹಾರಾಷ್ಟ್ರದ ಮಹಾಡದಾಗ ಡಾ. ಹಿಮ್ಮತ್‌ರಾವ್ ಬಾವಸ್ಕರ್ 1980ರ ದಶಕದಾಗ ಹಾಕಿಕೊಟ್ಟ ದಾರಿ ಇದು. ಅವರಿಗೆ 2022ರಾಗ ಪದ್ಮಶ್ರೀ ಬಂತು.

ಗುಳಿಗಿ ಕೊಟ್ಟ ಮ್ಯಾಲೆ ನರ್ಸಿನ ಕೆಲಸ ಚಾಲೂ. ಮೊದಲ ಡೋಸಿಗೆ ಬಿಪಿ ಧಡಕ್ಕಂತ ಇಳೀಬಹುದು. ಹುಡುಗನ್ನ ಮಲಗಿಸೇ ಇಡಬೇಕು. ತಾಯಿ ಎತ್ತಿಕೊಂಡು ಕುಂದರಿಸಾಕ ಹೋಗ್ತಾಳ, ಉಚ್ಚಿಗೆ ಎಬ್ಬಿಸಾಕ ಹೋಗ್ತಾಳ, ಬ್ಯಾಡವ್ವ ಅಂತ ಹತ್ತು ಸಲ ಹೇಳಬೇಕು. ಬಿಪಿ, ಪಲ್ಸ್, ಉಸಿರು ನೋಡಕೋತ ಇರಬೇಕು. ಕೆಮ್ಮು, ಬಾಯಾಗ ನೊರೆ ಬಂತಂದ್ರ ಪುಪ್ಪುಸದಾಗ ನೀರು ತುಂಬಾಕತ್ತದ ಅಂತ ತಿಳದು ಡಾಕ್ಟರನ್ನ ಕರೀರಿ. ತಣ್ಣಗಿದ್ದ ಪಾದ ಬೆಚ್ಚಗ ಆಗಿ ಬೆವರು ನಿಂತಾಗ ಔಷಧ ಹತ್ತಿದಂಗ. ನಾನು ತಾಯಿ ಕೈಯನ್ನೇ ಹುಡುಗನ ಪಾದದ ಮ್ಯಾಲೆ ಇಡಸತೀನಿ, ಬೆಚ್ಚಗ ಆದ್ರ ನೀವೇ ಹೇಳ್ರಿ ಅಂತ. ಆಕಿನೂ ಎತ್ತಾಕ ಹೋಗೂದಿಲ್ಲ.

ಇಂಜೆಕ್ಷನ್ ಅಲರ್ಜಿ ಆಗಿ ಉಸಿರು ಕಟ್ಟಿದ್ರ ಅಡ್ರಿನಾಲಿನ್ ಅರ್ಧ ಎಂಜಿ, ತೊಡಿ ಹೊರಮೈ ಸ್ನಾಯುವಿಗೆ. ಅದು ದೊಡ್ಡವರಿಗೆ. ಆಂಪ್ಯೂಲಿನಾಗ ಒಂದು ಎಂಎಲ್‌ಗೆ ಒಂದು ಎಂಜಿ ಇರ್ತದ, ಅಂದ್ರ ಅರ್ಧ ಎಂಎಲ್. ಐದು ನಿಮಿಷಕ್ಕ ಸುಧಾರಿಸಲಿಲ್ಲಂದ್ರ ಮತ್ತೊಮ್ಮೆ. ಅದನ್ನ ಹಂಗ ರಕ್ತನಾಳಕ್ಕ ಕೊಡಬ್ಯಾಡ್ರಿ, ಹೃದಯ ನಿಂತಾಗಿನ ಲೆಕ್ಕ ಬ್ಯಾರೆ. ಅವಿಲ್, ಹೈಡ್ರೋಕಾರ್ಟಿಸೋನ್ ಅಂತ ಅಲರ್ಜಿಯ ಬ್ಯಾರೆ ಇಂಜೆಕ್ಷನ್ ಹುಡುಕಕೋತ ನಿಂತು ಅಡ್ರಿನಾಲಿನ್ ತಡ ಮಾಡಿದ್ದನ್ನ ನಾನು ಕಣ್ಣಾರೆ ನೋಡೇನಿ. ಆ ಪೇಷಂಟ್ ಉಳದ್ರು. ತಡ ಮಾಡಿದಾವ ನಾನ.

ಸ್ಟಾಫ್ ನರ್ಸ್, ಚೆಸ್ಟ್ ವಾರ್ಡ್, ಮಂಗಳೂರು

ನನ್ನದು ಸಣ್ಣ ವಿಷಯ. ನೆಬ್ಯುಲೈಸೇಶನ್ ಆದ ಮೇಲೆ ಒಬ್ಬರು ಅಜ್ಜ ಚಹಾದ ಲೋಟ ಹಿಡಿಯಲಿಕ್ಕಾಗದೆ ಅಂಗಿ ಮೇಲೆ ಚೆಲ್ಲಿಕೊಂಡರು. ಪಾರ್ಶ್ವವಾಯು ಅಂತ ಮನೆಯವರ ಬೊಬ್ಬೆ. ಅದು ನೆಬ್‌ನಲ್ಲಿ ಹಾಕುವ ಸಾಲ್ಬುಟಮಾಲ್ (ಬೀಟಾ ಎರಡರ ಔಷಧಿ) ತರುವ ನಡುಕ, ಸ್ವಲ್ಪ ಹೊತ್ತಿಗೆ ತಾನೇ ಕಡಿಮೆಯಾಯಿತು. ಮೊದಲೇ ಹೇಳಿಟ್ಟರೆ ಹೆದರುವುದಿಲ್ಲ. ಆದರೆ ಪದೇ ಪದೇ ನೆಬ್ ಹೋಗುತ್ತಿದ್ದರೆ ಪೊಟ್ಯಾಶಿಯಂ ಇಳಿಯುತ್ತದೆ, ಜೊತೆಗೆ ಮೂತ್ರ ಹೆಚ್ಚಿಸಿ ಪೊಟ್ಯಾಶಿಯಂ ಇಳಿಸುವ ಲಾಸಿಕ್ಸ್ ಕೂಡ ಇದ್ದರೆ ರಿಪೋರ್ಟ್ ಬಂದಿದೆಯಾ ಅಂತ ನೀವೇ ಕೇಳಿ. ಪೊಟ್ಯಾಶಿಯಂ ಏರಿದ ಕಿಡ್ನಿ ಪೇಷಂಟಿಗೆ ಉಬ್ಬಸವಿಲ್ಲದಿದ್ದರೂ ನೆಬ್ ಬರೆಯುವುದು ಇದೇ ಕಾರಣಕ್ಕೆ. ಮೊದಲ ಸಲ ನಾನು ಆರ್ಡರ್ ತಪ್ಪಾಗಿದೆ ಅಂತ ಡಾಕ್ಟರಿಗೆ ಫೋನ್ ಮಾಡಿದ್ದೆ!

ಕೇಳಿದವರು

ಎಲ್ಲರಿಗೂ ಥ್ಯಾಂಕ್ಸ್. ವಾರ್ಡ್‌ನಲ್ಲಿ ಮೆಟೊಪ್ರೊಲಾಲ್ (ಪಲ್ಸ್ ಇಳಿಸೋ ಬೀಟಾ ಬ್ಲಾಕರ್ ಮಾತ್ರೆ) ಕೊಡೋ ಹೊತ್ತಿಗೆ ಒಬ್ಬರಿಗೆ ಪಲ್ಸ್ 52 ಇತ್ತು. ಕೊಡಲಿಲ್ಲ. ಮರುದಿನ ರೌಂಡ್ಸ್‌ನಲ್ಲಿ ಬೈಸಿಕೊಂಡೆ. ನಾನು ಮಾಡಿದ್ದು ತಪ್ಪಾ?

ಐಸಿಯು ಇನ್‌ಚಾರ್ಜ್, ಮೈಸೂರು

ತಡೆದದ್ದು ಸರಿ, ಯಾರಿಗೂ ಹೇಳದೆ ಸುಮ್ಮನಾಗಿದ್ದರೆ ಅದು ತಪ್ಪು. ಪಲ್ಸ್, ಬಿಪಿ ಬರೆದು, ಫೋನ್ ಮಾಡಿ, ಯಾರು ಏನು ಹೇಳಿದರು ಅಂತ ಫೈಲ್‌ನಲ್ಲಿ ಹಾಕಬೇಕಿತ್ತು. ಬೀಟಾ ಬ್ಲಾಕರ್ ಏಕಾಏಕಿ ನಿಂತರೆ ಎದೆನೋವು ಮರುಕಳಿಸಬಹುದು, ಅದಕ್ಕೇ ಅವರು ರೇಗಿದ್ದು. ಆ ಪೇಷಂಟಿಗೆ ಡಯಾಬಿಟಿಸ್ ಇದ್ದರೆ ಇನ್ನೊಂದು ಮಾತು. ಶುಗರ್ ಇಳಿದಾಗ ಆಗೋ ನಡುಕ, ಎದೆಬಡಿತವನ್ನ ಈ ಮಾತ್ರೆ ಮುಚ್ಚಿಡುತ್ತೆ, ಬೆವರನ್ನ ಮುಚ್ಚೋಕಾಗಲ್ಲ. ಸುಮ್ಮನೆ ಬೆವರ್ತಿದ್ದರೆ ಗ್ಲೂಕೋಮೀಟರ್ ತಗೋ.

ಲೆಕ್ಕ ಒಂದು ಹೇಳೋದು ಬಿಟ್ಟಿದ್ದೆ. 60 ಕಿಲೋ ಪೇಷಂಟ್. ನಾರ್‌ಅಡ್ 4 ಎಂಜಿ 50 ಎಂಎಲ್‌ನಲ್ಲಿ, ಅಂದರೆ ಎಂಎಲ್‌ಗೆ 80 ಮೈಕ್ರೋಗ್ರಾಂ. ನಿಮಿಷಕ್ಕೆ ಕಿಲೋಗೆ 0.1 ಮೈಕ್ರೋಗ್ರಾಂ ಬೇಕು ಅಂದರೆ ಗಂಟೆಗೆ 360 ಮೈಕ್ರೋಗ್ರಾಂ, ಪಂಪ್‌ನಲ್ಲಿ ಗಂಟೆಗೆ 4.5 ಎಂಎಲ್. ಅದೇ ಪೇಷಂಟಿಗೆ ಡೋಪಮಿನ್ 200 ಎಂಜಿ 50 ಎಂಎಲ್‌ನಲ್ಲಿ, ನಿಮಿಷಕ್ಕೆ ಕಿಲೋಗೆ 5 ಮೈಕ್ರೋಗ್ರಾಂ. ಲೆಕ್ಕ ಹಾಕಿ ನೋಡು, ಅದೂ 4.5! ಎರಡು ಪಂಪ್, ಒಂದೇ ನಂಬರ್, ಅರ್ಥ ಬೇರೆ ಬೇರೆ. ಹಾಗಾಗಿ "4.5ರಲ್ಲಿ ಓಡ್ತಿದೆ" ಅನ್ನೋ ಹ್ಯಾಂಡೋವರನ್ನ ನಾನು ಒಪ್ಪಲ್ಲ. ನಾರ್‌ಅಡ್ ಆಂಪ್ಯೂಲ್ ಮೇಲೆ ಬರೆದಿರೋದು ಬೈಟಾರ್ಟ್ರೇಟ್ (ಲವಣ ಸೇರಿದ ತೂಕ) ಲೆಕ್ಕವಾ ಬೇಸ್ (ಬರೀ ಔಷಧಿಯ ತೂಕ) ಲೆಕ್ಕವಾ ಅಂತಲೂ ಓದು, 2 ಎಂಜಿ ಬೈಟಾರ್ಟ್ರೇಟ್ ಅಂದರೆ ಬೇಸ್ ಸುಮಾರು 1 ಎಂಜಿ.

ಡೋಪಮಿನ್ ಈಗ ಕಡಿಮೆಯಾಗಿದೆ. ನಾವು ಕಲಿಯುವಾಗ ಕಿಡ್ನಿಗೆ ಒಳ್ಳೇದು ಅಂತ ಸಣ್ಣ ಡೋಸ್ ಹಾಕ್ತಿದ್ದರು. ಅದು ಕಿಡ್ನಿ ಉಳಿಸಲ್ಲ ಅಂತ 2000ದಲ್ಲೇ ದೊಡ್ಡ ಅಧ್ಯಯನ ತೋರಿಸಿತ್ತು, ವಾರ್ಡ್‌ಗಳಿಗೆ ಸುದ್ದಿ ತಲುಪೋಕೆ ಮಾತ್ರ ವರ್ಷಗಟ್ಟಲೆ ಹಿಡಿಯಿತು. ನಾರ್‌ಅಡ್‌ಗೆ ಹೋಲಿಸಿದರೆ ಹೃದಯದ ಲಯ ತಪ್ಪಿಸೋದೂ ಅದೇ ಜಾಸ್ತಿ.

ಸ್ಟಾಫ್ ನರ್ಸ್, ಈಗ ಇಂಗ್ಲೆಂಡ್‌ನಲ್ಲಿ

ಇಲ್ಲಿ ಮೈಕ್ರೋಗ್ರಾಂ ಅಂತ ಪೂರ್ತಿ ಬರೆಯಬೇಕು, ಚಿಕ್ಕದಾಗಿ ಬರೆದರೆ ಎಂಜಿ ಅಂತ ಓದಿಬಿಡುವ ಭಯ. ಶಿವಮೊಗ್ಗದಲ್ಲಿದ್ದಾಗಲೇ ಈ ಅಭ್ಯಾಸ ಇದ್ದಿದ್ದರೆ ಚೆನ್ನಾಗಿತ್ತು. ಕೈಯ ವೀನ್‌ನಲ್ಲಿ ನಾರ್‌ಅಡ್ ಓಡ್ತಿದ್ದರೆ ಕ್ಯಾನುಲಾ ಸುತ್ತ ಆಗಾಗ ನೋಡಿ. ಚರ್ಮ ಬಿಳಿಚಿ ತಣ್ಣಗಾದರೆ ಔಷಧಿ ಹೊರಗೆ ಸೋರ್ತಿದೆ. ಅಲ್ಲಿ ನಿಲ್ಲಿಸಿ, ಬೇರೆ ಲೈನ್‌ನಲ್ಲಿ ತಕ್ಷಣ ಶುರು ಮಾಡಿಸಿ. ಕ್ಯಾನುಲಾ ಕಿತ್ತುಬಿಡಬೇಡಿ, ಅದರಿಂದಲೇ ಆದಷ್ಟು ಹಿಂದಕ್ಕೆ ಎಳೀರಿ. ಐಸ್ ಬೇಡ, ಬೆಚ್ಚಗಿನ ಬಟ್ಟೆ. ಸೋರಿದ ಜಾಗಕ್ಕೆ ಕೊಡೋ, ಆಲ್ಫಾ ಮುಚ್ಚೋ ಫೆಂಟೊಲಮಿನ್ ನಿಮ್ಮ ಫಾರ್ಮಸಿಯಲ್ಲಿದೆಯಾ ಅಂತ ಇವತ್ತೇ ಕೇಳಿಡಿ.

ಕೇಳಿದವರು, ಸೋಮವಾರ ರಾತ್ರಿ

ಮೊದಲ ಶಿಫ್ಟ್ ಮುಗೀತು. ಬೆಡ್ 4ರಲ್ಲಿ ಸೆಪ್ಸಿಸ್ (ಸೋಂಕು ಮೈಗೆಲ್ಲ ಏರಿದ) ಅಮ್ಮ. ಪಾದ ಮುಟ್ಟಿದೆ, ತಣ್ಣಗಿತ್ತು, ಹೆಬ್ಬೆರಳು ಮಾತ್ರ ಸ್ವಲ್ಪ ನೀಲಿ. "ನಾರ್‌ಅಡ್ ಆರರಲ್ಲಿದೆ" ಅಂದರು ಹ್ಯಾಂಡೋವರ್ ಕೊಡ್ತಿದ್ದ ಸಿಸ್ಟರ್. ಎಷ್ಟು ಎಂಜಿ ಹಾಕಿದ್ದು ಅಕ್ಕಾ ಅಂತ ಕೇಳಿದೆ. ಸಿರಿಂಜ್ ತಿರುಗಿಸಿ ನೋಡಿದರು, ಲೇಬಲ್ ಇರಲಿಲ್ಲ. ಒಂದು ಕ್ಷಣ ನನ್ನ ಮುಖ ನೋಡಿ, ಬ್ಯಾಗ್ ಕೆಳಗಿಟ್ಟು, ಫೈಲ್ ತೆಗೆದರು. ಎಂಟು. ನಾನು ನಾಲ್ಕು ಅಂದುಕೊಂಡಿದ್ದೆ.