ಸಿಓಟು ಏರ್ ಪಿಸ್ತೂಲಿನ ಪವರ್ ಇಳಿದಿದೆ, ಎಲ್ಲಿಂದ ಹುಡುಕಲಿ?

ಪ್ರಶ್ನೆ (ಮಿಶಿಗನ್‌ನಿಂದ)

ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ 4.5 ಮಿ.ಮೀ. ಏರ್ ಪಿಸ್ತೂಲ್ ಇದೆ. 12 ಗ್ರಾಂ ಸಿಓಟು (ಕಾರ್ಬನ್ ಡೈಆಕ್ಸೈಡ್) ತುಂಬಿದ ಪುಟ್ಟ ಕಾರ್ಟ್ರಿಡ್ಜ್ ಹಾಕುವಂಥದ್ದು, ಪೆಲೆಟ್ (ಸಣ್ಣ ಗುಂಡು) ಒಂದೊಂದೇ ತುಂಬಬೇಕು. ಗ್ಯಾರೇಜಿನಲ್ಲಿ 10 ಮೀಟರ್ ದೂರಕ್ಕೆ ಪೇಪರ್ ಟಾರ್ಗೆಟ್ ಇಟ್ಟು ಹೊಡೆಯುತ್ತೇನೆ. ಬೇಸಿಗೆಯಲ್ಲಿ ಒಂದು ಕಾರ್ಟ್ರಿಡ್ಜಿಗೆ 40 ಶಾಟ್ ಆರಾಮಾಗಿ ಬರುತ್ತಿತ್ತು. ನವೆಂಬರ್ ಬಂದ ಮೇಲೆ ಇಪ್ಪತ್ತಕ್ಕೇ ಸುಸ್ತಾಗುತ್ತಿದೆ. ಪೆಲೆಟ್ ಗುರಿಗಿಂತ ಕೆಳಗೆ ಬೀಳುತ್ತದೆ. ನಿನ್ನೆ ಒಂದಂತೂ ಹಿಂದಿನ ರಟ್ಟಿಗೆ ತಾಗಿ ಅಲ್ಲೇ ಉದುರಿತು. ವಾಲ್ವ್ ಬಿಚ್ಚಿ ನೋಡಬೇಕಾ? ಅನುಭವ ಇದ್ದವರು ದಯವಿಟ್ಟು ಹೇಳಿ.

ಉತ್ತರ (ಮಿನೆಸೋಟದಿಂದ)

ಸರ್, ವಾಲ್ವ್ ಈಗಲೇ ಮುಟ್ಟಬೇಡಿ. ನಾನು ಮೊದಲ ಚಳಿಗಾಲದಲ್ಲಿ ಮುಟ್ಟಿದೆ. ಚೆನ್ನಾಗಿದ್ದ ವಾಲ್ವನ್ನು ಬಿಚ್ಚಿ, ಒಳಗೆ ಗ್ಯಾಸ್ ತಡೆಯುವ ಸೀಲಿಗೆ ಗೀರು ಮಾಡಿ, ಒಂದು ತಿಂಗಳು ಪಿಸ್ತೂಲ್ ಡಬ್ಬಿಯಲ್ಲೇ ಕೂತಿತ್ತು. ಕಾರಣ ಬೇರೆಯೇ ಇತ್ತು. ನಿಮ್ಮ ಮಾತಿನಲ್ಲೇ ಒಂದು ಸುಳಿವು ಇದೆ: ಗ್ಯಾರೇಜ್, ನವೆಂಬರ್.

ಕಾರ್ಟ್ರಿಡ್ಜಿನೊಳಗೆ ಸಿಓಟು ಬಹುಪಾಲು ದ್ರವವಾಗಿ ಇರುತ್ತದೆ. ಆ ದ್ರವ ಒಂದು ತೊಟ್ಟು ಉಳಿದಿದ್ದರೂ ಪ್ರೆಶರ್ ನಿಂತಿರುವುದು ಉಷ್ಣಾಂಶದ ಮೇಲೆ, ಎಷ್ಟು ಗ್ಯಾಸ್ ಇದೆ ಅನ್ನುವುದರ ಮೇಲೆ ಅಲ್ಲ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 57 ಬಾರ್ (ಬಾರ್ ಅಂದರೆ ಪ್ರೆಶರಿನ ಅಳತೆ). ಸೊನ್ನೆ ಡಿಗ್ರಿಯಲ್ಲಿ ಸುಮಾರು 35 ಬಾರ್. ಅಷ್ಟು ದೊಡ್ಡ ವ್ಯತ್ಯಾಸ! ಇದರ ಮೇಲೆ, ಪ್ರತಿ ಶಾಟಿಗೂ ಸ್ವಲ್ಪ ದ್ರವ ಆವಿಯಾಗುತ್ತದೆ. ಹಾಗೆ ಆಗುವಾಗ ಸುತ್ತಲಿನ ಲೋಹದ ಬಿಸಿಯನ್ನು ಹೀರಿಕೊಳ್ಳುತ್ತದೆ. ಊರಲ್ಲಿ ದೊಡ್ಡ ಅಡುಗೆ ಇದ್ದಾಗ ಗ್ಯಾಸ್ ಸಿಲಿಂಡರಿನ ಕೆಳಭಾಗ ಬೆವರಿ ತಣ್ಣಗಾಗುತ್ತದಲ್ಲ, ಅದೇ ಕಥೆ. ಬೇಗ ಬೇಗ ಹತ್ತು ಶಾಟ್ ಹೊಡೆದು ಪಿಸ್ತೂಲಿನ ಗ್ಯಾಸ್ ಇರುವ ಕಡೆ ಬೆರಳಿಟ್ಟು ನೋಡಿ, ಚುರುಕ್ಕೆನ್ನುವಷ್ಟು ತಣ್ಣಗಿರುತ್ತದೆ.

ಹಾಗಾಗಿ ಮೊದಲು ಒಂದು ಪರೀಕ್ಷೆ. ಪಿಸ್ತೂಲ್, ಹೊಸ ಕಾರ್ಟ್ರಿಡ್ಜ್ ಎರಡನ್ನೂ ಮನೆಯೊಳಗೆ ಎರಡು ಗಂಟೆ ಇಡಿ. ಆಮೇಲೆ ಶಾಟಿನಿಂದ ಶಾಟಿಗೆ ಅರ್ಧ ನಿಮಿಷ ಬಿಟ್ಟು ಹೊಡೆಯಿರಿ. ಸಾಧ್ಯವಾದರೆ ಪೆಲೆಟ್ಟಿನ ವೇಗ ಅಳೆಯುವ ಕ್ರೋನೋಗ್ರಾಫ್ ಇಟ್ಟುಕೊಳ್ಳಿ. ಕಿವಿ, ರಟ್ಟು ಎರಡೂ ಮೋಸ ಮಾಡುತ್ತವೆ, ಅಂಕಿ ಮಾಡುವುದಿಲ್ಲ. ನನ್ನದು ಒಳಗೆ ಸೆಕೆಂಡಿಗೆ 128 ಮೀಟರ್ ಕೊಟ್ಟಿತು, ಅದೇ ಪೆಲೆಟ್ಟಿಗೆ ಗ್ಯಾರೇಜಿನಲ್ಲಿ 112. ಒಂದು ಮಾತು: ಬಿಸಿ ಮಾಡಬೇಕು ಅಂತ ಹೀಟರ್ ಮುಂದೆ, ಬಿಸಿನೀರಿನಲ್ಲಿ ಕಾರ್ಟ್ರಿಡ್ಜ್ ಇಡಲೇಬೇಡಿ. ಬೇಸಿಗೆಯಲ್ಲಿ ಕಾರಿನೊಳಗೂ ಬೇಡ. ಪ್ರೆಶರ್ ವಿಪರೀತ ಏರುತ್ತದೆ.

ಒಳಗೂ 40 ಶಾಟ್ ಬರಲಿಲ್ಲ ಅಂದರೆ ಎಲ್ಲೋ ಸೋರಿಕೆ ಇದೆ. ನಾನು ಮೊದಲು ನೋಡುವುದು ಕಾರ್ಟ್ರಿಡ್ಜಿನ ಕತ್ತು ಕೂರುವ ಪುಟ್ಟ ವಾಷರ್. ಕುಕ್ಕರಿನ ಗ್ಯಾಸ್ಕೆಟ್ ಹಳೆಯದಾದರೆ ಗಟ್ಟಿಯಾಗಿ ಆವಿ ಬಿಡುತ್ತದಲ್ಲ, ಇದೂ ಹಾಗೇ. ಕಾರ್ಟ್ರಿಡ್ಜನ್ನು ಹಿಡಿದಿಡುವ ಮುಚ್ಚಳವನ್ನು ಜೋರಾಗಿ ತಿರುಗಿಸಿ ಬಿಗಿ ಮಾಡುವವರ ವಾಷರ್ ಇನ್ನೂ ಬೇಗ ಹಾಳಾಗುತ್ತದೆ. ಕಾರ್ಟ್ರಿಡ್ಜ್ ಹಾಕಿ, ಪೆಲೆಟ್ ಇಲ್ಲದೆ, ಕೀಲುಗಳ ಮೇಲೆ ಸೋಪಿನ ನೀರು ಬ್ರಷ್‌ನಲ್ಲಿ ಹಚ್ಚಿ. ಗುಳ್ಳೆ ಎದ್ದ ಜಾಗವೇ ಸೋರುವ ಜಾಗ. ಸಣ್ಣ ಸೋರಿಕೆಗೆ ಗುಳ್ಳೆ ಎದ್ದೂ ಏಳದ ಹಾಗೆ ಇರುತ್ತದೆ. ಅದಕ್ಕೆ ರಾತ್ರಿ ಕಾರ್ಟ್ರಿಡ್ಜ್ ಹಾಕಿಟ್ಟು, ಬೆಳಿಗ್ಗೆ ಎಷ್ಟು ಶಾಟ್ ಬಂತು ಅಂತ ಎಣಿಸುವುದೇ ಒಳ್ಳೆಯದು.

ಇನ್ನೊಂದು ಸೋರಿಕೆ ಕಣ್ಣಿಗೆ ಕಾಣುವುದೇ ಇಲ್ಲ. ಶಾಟ್ ಹೊಡೆಯುವ ಕ್ಷಣದಲ್ಲಿ ಮಾತ್ರ ಗ್ಯಾಸ್, ಪೆಲೆಟ್ಟನ್ನು ಬ್ಯಾರೆಲಿಗೆ ತಳ್ಳುವ ಬೋಲ್ಟಿನ ಹಿಂದಕ್ಕೆ ಓಡುತ್ತದೆ. ಬೋಲ್ಟ್ ತುದಿಯ ಓ-ರಿಂಗ್ (ರಬ್ಬರ್ ಉಂಗುರ) ಸವೆದಿರುತ್ತದೆ. ಟಿಶ್ಯೂ ಪೇಪರಿನ ಎಳೆಯಷ್ಟು ಸಪೂರ ಪಟ್ಟಿ ಹರಿದು ಬೋಲ್ಟಿನ ಸಂದಿಯ ಮೇಲೆ ಹಾಕಿ ಶಾಟ್ ಹೊಡೆಯಿರಿ. ಪಟ್ಟಿ ಹಾರಿದರೆ ಓ-ರಿಂಗ್ ಬದಲಿಸಬೇಕು. ನನ್ನದರಲ್ಲಿ ಪಟ್ಟಿ ನೇರ ಟೋಪಿಯ ಅಂಚಿಗೆ ಬಂದು ಅಂಟಿತ್ತು! ಆ ಓ-ರಿಂಗ್ ಬದಲಿಸಿದ ಮೇಲೆ ಹೆಚ್ಚು ಹುಡುಕಬೇಕಾಗಲಿಲ್ಲ.

ಹೊಸ ಕಾರ್ಟ್ರಿಡ್ಜ್ ಹಾಕುವಾಗ ಅದರ ತುದಿಗೆ ಏರ್‌ಗನ್‌ಗೆಂದೇ ಮಾಡಿದ ಎಣ್ಣೆ ಒಂದೇ ಹನಿ ಹಾಕಿ. ಮೊದಲ ಶಾಟ್‌ಗಳಲ್ಲಿ ಅದು ಸೀಲಿಗೆ ತಲುಪುತ್ತದೆ. ಮನೆಯಲ್ಲಿ ಬಾಗಿಲಿನ ಕೀಲಿಗೆ ಹೊಡೆಯುವ ಸ್ಪ್ರೇ ಬೇಡ, ಅದರಿಂದ ರಬ್ಬರ್ ಹಾಳಾಗಬಹುದು.

ಪೆಲೆಟ್ ಬದಲಿಸಿದ್ದೀರಾ? ಭಾರದ ಪೆಲೆಟ್ ನಿಧಾನ ಹೋಗುವುದು ಸಹಜ. ನಿಮ್ಮಂಥ ಪಿಸ್ತೂಲಿಗೆ ಅರ್ಧ ಗ್ರಾಂ ಆಸುಪಾಸಿನದು ಸಾಕು.

ಇದು ಮಾತ್ರ ಜೋರಾಗಿಯೇ ಹೇಳುತ್ತೇನೆ. ಪವರ್ ಕಮ್ಮಿ ಇದ್ದಾಗ ಪೆಲೆಟ್ ಬ್ಯಾರೆಲಿನಲ್ಲೇ ಸಿಕ್ಕಿಬೀಳಬಹುದು. ಶಬ್ದ ಬಂದು ಪೇಪರಿನಲ್ಲಿ ತೂತು ಬೀಳದಿದ್ದರೆ ಅಲ್ಲೇ ನಿಲ್ಲಿಸಿ. ಇನ್ನೊಂದು ತುಂಬಬೇಡಿ. ಬ್ಯಾರೆಲಿನ ಬಾಯಿಯಲ್ಲಿ ಇಣುಕಬೇಡಿ. ಪಿಸ್ತೂಲನ್ನು ಗುರಿಯ ಕಡೆಗೇ ಹಿಡಿದು ಮುಚ್ಚಳ ನಿಧಾನ ಸಡಿಲಿಸಿ, ಗ್ಯಾಸ್ ಪೂರ್ತಿ ಬಿಟ್ಟ ಮೇಲೆ ಕಡ್ಡಿಯಿಂದ ತಳ್ಳಿ.

ಉತ್ತರ (ಬೆಂಗಳೂರಿನಿಂದ)

ನಾನು ಹೊಡೆಯುವುದು ಸಿಓಟು ಅಲ್ಲ. ಕ್ಲಬ್ಬಿನಲ್ಲಿ 10 ಮೀಟರ್ ಪಂದ್ಯಕ್ಕೆ ಬಳಸುವ ಗಾಳಿ ತುಂಬಿದ ಪಿಸ್ತೂಲ್. ಆದರೆ ರೋಗ ಹತ್ತಿರದ್ದೇ. ಈ ಟಾರ್ಗೆಟ್ಟಿನಲ್ಲಿ ಹತ್ತು ಪಾಯಿಂಟಿನ ವೃತ್ತ 11.5 ಮಿ.ಮೀ. ಅಷ್ಟೇ, ವೇಗ ಏರಿಳಿದರೆ ಪಾಯಿಂಟ್ ಹೋಗುತ್ತದೆ. ಕಳೆದ ಮಳೆಗಾಲದಲ್ಲಿ ನನ್ನ ಶಾಟ್‌ಗಳು ಕೆಳಗೆ ಬೀಳತೊಡಗಿದವು. ಕೈ ನಡುಗುತ್ತಿದೆ ಅಂದುಕೊಂಡು ಮೂರು ವಾರ ನನ್ನನ್ನೇ ತಿದ್ದಿಕೊಂಡೆ. ಗೇಜು 150 ಬಾರ್ ತೋರಿಸುತ್ತಿತ್ತು, ಗಾಳಿ ಕಮ್ಮಿ ಇರಲಿಲ್ಲ. ಕೊನೆಗೆ ಕೋಚ್ ಸರ್ ಕ್ರೋನೋಗ್ರಾಫ್ ತಂದಿಟ್ಟರು. ಒಂದು ಶಾಟ್ ಸೆಕೆಂಡಿಗೆ 150 ಮೀಟರ್, ಮುಂದಿನದು 138. ರಿಪೇರಿ ಮಾಡುವವರು, ಪ್ರತಿ ಶಾಟಿಗೂ ಪ್ರೆಶರ್ ಒಂದೇ ಸಮ ಇಡುವ ರೆಗ್ಯುಲೇಟರ್ ಬಿಚ್ಚಿದರೆ ಒಳಗೆ ತೇವ, ಸ್ವಲ್ಪ ತುಕ್ಕು. ನಾನು ಕೈಪಂಪಿನಲ್ಲಿ ಒಂದೇ ಸಮನೆ ತುಂಬುತ್ತಿದ್ದೆ, ಮಳೆಗಾಲದ ಗಾಳಿಯ ನೀರೆಲ್ಲ ಒಳಗೆ ಹೋಗಿತ್ತು. ಈಗ ಕ್ಲಬ್ಬಿನ ದೊಡ್ಡ ಸಿಲಿಂಡರಿನ ಒಣಗಾಳಿಯನ್ನೇ ತುಂಬಿಸುತ್ತೇನೆ.

ಗಾಳಿ ಪಿಸ್ತೂಲ್ ಇರುವವರು ಸಿಲಿಂಡರಿನ ಮೇಲಿನ ದಿನಾಂಕವನ್ನೂ ನೋಡಿಕೊಳ್ಳಿ. ಅವಧಿಯೊಳಗೆ ಇರುವಂತೆ ನೋಡಿಕೊಳ್ಳುವುದು ಶೂಟರ್‌ನ ಜವಾಬ್ದಾರಿ ಅಂತ ಐಎಸ್‌ಎಸ್‌ಎಫ್ (ಅಂತರರಾಷ್ಟ್ರೀಯ ಶೂಟಿಂಗ್ ಕ್ರೀಡಾ ಒಕ್ಕೂಟ) ನಿಯಮವೇ ಇದೆ. 200 ಬಾರ್ ಗಾಳಿ ಇರುವ ಕಡೆ ಪೆಟ್ರೋಲಿಯಂ ಎಣ್ಣೆ, ಗ್ರೀಸ್ ಹಚ್ಚಲೇಬಾರದು. ಹೊತ್ತಿಕೊಳ್ಳುವ ಅಪಾಯ ಇದೆ.

ಪ್ರಶ್ನೆ ಕೇಳಿದವರಿಂದ, ಐದು ದಿನದ ನಂತರ

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ವಾಲ್ವ್ ಮುಟ್ಟಲಿಲ್ಲ. ಪಿಸ್ತೂಲನ್ನು ಒಳಗೆ ಇಟ್ಟು ಬೇಸ್‌ಮೆಂಟಿನಲ್ಲಿ ಹೊಡೆದೆ. 31 ಶಾಟ್ ಬಂತು, ಮೊದಲಿನ ಇಪ್ಪತ್ತು ಒಂದೇ ಕಡೆ ಬಿದ್ದವು. ಅಂದರೆ ಅರ್ಧ ತಪ್ಪು ಚಳಿಯದ್ದೇ. ಟಿಶ್ಯೂ ಪಟ್ಟಿ ಅಲುಗಲಿಲ್ಲ. ಸೋಪಿನ ನೀರಿಗೆ ಮುಚ್ಚಳದ ಹತ್ತಿರ ಸಾಸಿವೆ ಗಾತ್ರದ ಗುಳ್ಳೆಗಳು ನಿಧಾನವಾಗಿ ಎದ್ದವು. ಗ್ಯಾಸ್ ಬಿಟ್ಟು ವಾಷರ್ ತೆಗೆದೆ. ಅಂಚಿನಲ್ಲಿ ಉಗುರಿಗೆ ಸಿಗುವಷ್ಟು ಗುಂಡಿ ಬಿದ್ದಿದೆ, ಬಗ್ಗಿಸಿದರೆ ಪ್ಲಾಸ್ಟಿಕ್ಕಿನ ಹಾಗೆ ಗಟ್ಟಿ. ಬಿಗಿ ಮಾಡಿದ್ದು ನಾನೇ, ಗೊತ್ತಾಯಿತು. ಹೊಸದು ಎರಡು ತರಿಸಿದ್ದೇನೆ, ಗುರುವಾರ ಬರುತ್ತದೆ. ಹಾಕಿ, ರಾತ್ರಿ ಇಟ್ಟು, ಬೆಳಿಗ್ಗೆ ಎಣಿಸಿ ಬರೆಯುತ್ತೇನೆ.