ಕಾಗದ ಹರಿದರೆ ಹೊಲಿಗೆಯೂ ಬಿಡುತ್ತಿದೆ: ಚೂರು ಪಟ್ಟಿಗಳ ಚೌಕಕ್ಕೆ ದಾರಿ ಹೇಳಿ

ಮುಲುಂಡ್ ಟೈಲರಕ್ಕ

ಎಲ್ಲರಿಗೂ ನಮಸ್ಕಾರ. ಮುಲುಂಡ್ ಪೂರ್ವದಲ್ಲಿ ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. 22 ವರ್ಷ ಆಯಿತು. ಈಗ ನಮ್ಮ ಸೊಸೈಟಿ ರೀಡೆವಲಪ್‌ಮೆಂಟ್‌ಗೆ ಹೋಗುತ್ತಿದೆ. ಒಟ್ಟು 16 ಮನೆ. ಇನ್ನು ಎರಡೂವರೆ ತಿಂಗಳಲ್ಲಿ ಎಲ್ಲರೂ ಖಾಲಿ ಮಾಡಬೇಕು. ಒಬ್ಬರು ಠಾಣೆಗೆ, ಒಬ್ಬರು ಭಾಂಡುಪ್‌ಗೆ, ಎದುರು ಮನೆಯವರು ಮಗನ ಹತ್ತಿರ ಪುಣೆಗೆ. ಹೊಸ ಕಟ್ಟಡ ಏಳುವವರೆಗೆ ಒಬ್ಬರಿಗೊಬ್ಬರು ಸಿಗುವುದು ಕಷ್ಟವೇ.

ಈ ಕಟ್ಟಡದ ಹೆಂಗಸರ ಬ್ಲೌಸ್ ಎಲ್ಲ ನನ್ನ ಕೈಯಲ್ಲೇ ಆದದ್ದು. ಉಳಿದ ದೊಡ್ಡ ತುಂಡು ವಾಪಸ್ ಕೊಡುತ್ತೇನೆ. ತೆಳು ಪಟ್ಟಿಯನ್ನು ಯಾರೂ ಕೇಳುವುದಿಲ್ಲ. ನನಗೆ ಎಸೆಯಲು ಮನಸ್ಸು ಬರುವುದಿಲ್ಲ. ಮಂಚದ ಕೆಳಗೆ ಐದು ಚೀಲ ತುಂಬಿವೆ. ಟೂ ಬೈ ಟೂ ರುಬಿಯಾ, ಖಣ, ಕಾಟನ್ ಅಸ್ತರ, ಸ್ವಲ್ಪ ಬ್ರೊಕೇಡ್. ಅಗಲ ಒಂದು ಇಂಚು, ಒಂದೂವರೆ, ಹೆಚ್ಚೆಂದರೆ ಎರಡು. ಇದರಿಂದ ಮನೆಗೊಂದು ಕುಶನ್ ಕವರ್ ಮಾಡಿ ಕೊಡಬೇಕು ಅಂತ ಆಸೆ. 16 ಇಂಚಿನ ಕವರ್. ಎಂಟು ಇಂಚಿನ ನಾಲ್ಕು ಚೌಕ ಸೇರಿದರೆ ಒಂದು ಕವರ್. ಒಟ್ಟು 64 ಚೌಕ.

ಮಗಳು ವೀಡಿಯೊದಲ್ಲಿ ಸ್ಟ್ರಿಂಗ್ ಕ್ವಿಲ್ಟ್ ತೋರಿಸಿದಳು. ಎಂಟೂವರೆ ಇಂಚಿನ ಚೌಕ ಕಾಗದ. ಮೂಲೆಯಿಂದ ಮೂಲೆಗೆ ಮೊದಲ ಪಟ್ಟಿ, ಸುಲಟೆ (ಬಟ್ಟೆಯ ಮುಖದ ಬದಿ) ಮೇಲೆ. ಅದರ ಮೇಲೆ ಎರಡನೇ ಪಟ್ಟಿಯನ್ನು ಮಗುಚಿ ಇಟ್ಟು, ಅಂಚಿನಿಂದ ಕಾಲು ಇಂಚು ಬಿಟ್ಟು ಕಾಗದದ ಸಮೇತ ಹೊಲಿಗೆ. ತೆರೆದು ಇಸ್ತ್ರಿ. ಮತ್ತೆ ಮುಂದಿನ ಪಟ್ಟಿ. ಎರಡೂ ಕಡೆ ಕಾಗದ ಮುಚ್ಚಿದ ಮೇಲೆ ಕಾಗದದ ಅಂಚಿಗೆ ಸರಿಯಾಗಿ ಕತ್ತರಿಸುವುದು. ಆಮೇಲೆ ಕಾಗದ ಹರಿದು ತೆಗೆಯುವುದು. ಪಟ್ಟಿಗಳ ಅಗಲ ಒಂದೇ ಸಮ ಇರಬೇಕಾಗಿಲ್ಲ, ಅದೇ ನನಗೆ ಬಹಳ ಹಿಡಿಸಿತು.

ಒಂಬತ್ತು ಚೌಕ ಮಾಡಿದೆ. ಹಳೆ ಪೇಪರ್ ಮೇಲೆಯೇ ಹೊಲಿದೆ. ತೊಂದರೆ ಇವು:

ಕಾಗದ ಎಳೆದಾಗ ಹೊಲಿಗೆ ಸಡಿಲವಾಗುತ್ತಿದೆ. ಎರಡು ಕಡೆ ದಾರವೇ ಮೇಲೆ ಬಂತು.

ಕಾಗದ ತೆಗೆದ ಮೇಲೆ ಚೌಕ ಚೌಕವಾಗಿ ಉಳಿಯುವುದಿಲ್ಲ. ಒಂದು ಬದಿ ಎಂಟೂವರೆ ಇದ್ದರೆ ಇನ್ನೊಂದು ಎಂಟೂಮುಕ್ಕಾಲು.

ಕೆನೆ ಬಣ್ಣದ ಅಸ್ತರಕ್ಕೆ ಪೇಪರಿನ ಮಸಿ ಹತ್ತಿದೆ. ಇಸ್ತ್ರಿ ಮಾಡಿದ ಮೇಲಂತೂ ಹೋಗುತ್ತಲೇ ಇಲ್ಲ.

ಇನ್ನೊಂದು ಮಾತು. ಪ್ರತಿ ಚೌಕದ ನಡುವಿನ ಪಟ್ಟಿ ನಮ್ಮ ಸೊಸೈಟಿ ಗಣಪತಿಯ ಹಿಂದೆ ಕಟ್ಟುತ್ತಿದ್ದ ಕೆಂಪು ಹತ್ತಿ ಪರದೆಯಿಂದ ಬರಬೇಕು. ಅದನ್ನು ಕಾರ್ಯದರ್ಶಿಯವರು ನನಗೇ ಕೊಟ್ಟಿದ್ದಾರೆ. ಆದರೆ ಒದ್ದೆ ಕೈ ತಾಗಿದರೂ ಬಣ್ಣ ಬಿಡುತ್ತದೆ. ಪರದೆ ಬಿಟ್ಟುಬಿಡಿ ಅಂತ ಮಾತ್ರ ಹೇಳಬೇಡಿ, ದಾರಿ ಇದ್ದರೆ ತಿಳಿಸಿ.

ಕೋಥರೂಡ್ ಕೌದಿ

ಅಕ್ಕಾ, ನಿಮ್ಮ ಯೋಚನೆ ಓದಿ ಖುಷಿಯಾಯಿತು. ಮೂರು ವರ್ಷದಿಂದ ಇದೇ ಪಟ್ಟಿ ಕೆಲಸ ಮಾಡುತ್ತಿದ್ದೇನೆ. ನೀವು ಹೇಳಿದ ಮೂರೂ ತೊಂದರೆ ನನಗೂ ಆಗಿವೆ.

ಮೊದಲು ಹೊಲಿಗೆ. ಬ್ಲೌಸ್‌ಗೆ ಇಡುವ ಟಾಕಿ, ಅಂದರೆ ಒಂದೊಂದು ಹೊಲಿಗೆಯ ಹೆಜ್ಜೆ, ಇಲ್ಲಿಗೆ ಉದ್ದವಾಯಿತು. ನಂಬರ್ ಇರುವ ಮಷಿನ್ ಆದರೆ 1.5ಕ್ಕೆ ಇಡಿ. ಹಳೆ ಕರಿ ಮಷಿನ್ ಆದರೆ ಚಿಂದಿ ಮೇಲೆ ಹೊಲಿದು ಒಂದು ಇಂಚಿನಲ್ಲಿ ಎಷ್ಟು ಟಾಕಿ ಬಿತ್ತು ಅಂತ ಎಣಿಸಿ. 16-17 ಬಂದರೆ ಸರಿ. ಮಾಮೂಲಿ ಹೊಲಿಗೆಯಲ್ಲಿ 10 ಬೀಳುತ್ತದೆ. ಟಾಕಿ ಹತ್ತಿರವಾದಷ್ಟು ಕಾಗದದಲ್ಲಿ ತೂತು ಜಾಸ್ತಿ. ಆಗ ಅದು ಅಂಚೆ ಚೀಟಿ ಹರಿದ ಹಾಗೆ ತಾನಾಗಿ ಬಿಡುತ್ತದೆ, ದಾರದ ಮೇಲೆ ಜಗ್ಗಾಟ ಇರುವುದಿಲ್ಲ. ಸೂಜಿ 14 ನಂಬರ್ ಹಾಕಿ. ಕಾಗದ ಸೂಜಿಯನ್ನು ಬೇಗ ಮೊಂಡು ಮಾಡುತ್ತದೆ. ಅದನ್ನು ಬೇರೆ ಇಡಿ, ಅದೇ ಸೂಜಿಯಿಂದ ಗಿರಾಕಿಯ ರೇಷ್ಮೆ ಮುಟ್ಟಬೇಡಿ. ದಿನಕ್ಕೊಮ್ಮೆ ಬಾಬಿನ್ ಕೇಸ್ ಬಿಚ್ಚಿ ಬ್ರಷ್ ಆಡಿಸಿ. ಕಾಗದದ ಪುಡಿ ಅಲ್ಲೇ ಕೂರುತ್ತದೆ.

ಹರಿಯುವಾಗ ಸುಮ್ನೆ ಎಳೆಯಬೇಡಿ. ಹೊಲಿಗೆಯ ಗೆರೆಗೆ ಕಾಗದವನ್ನು ಒಮ್ಮೆ ಮಡಚಿ ಉಗುರಿನಿಂದ ತಿಕ್ಕಿ. ಹೆಬ್ಬೆರಳಿನಿಂದ ಹೊಲಿಗೆ ಒತ್ತಿ ಹಿಡಿದು ಆಮೇಲೆ ಹರಿಯಿರಿ.

ಈಗ ಚೌಕ ಎಳೆಯುವ ವಿಷಯ. ಇದೇ ಮುಖ್ಯ. ಪಟ್ಟಿ ಓರೆಯಾಗಿ ಕೂತಿದೆ, ನೀವು ನಾಲ್ಕು ಬದಿ ನೇರ ಕತ್ತರಿಸಿದ್ದೀರಿ. ಅಂದರೆ ನಾಲ್ಕೂ ಅಂಚು ನೂಲಿಗೆ ಓರೆಯಾಗಿ, ಕ್ರಾಸ್ ಆಯಿತು. ಕ್ರಾಸ್ ಕಟ್ ಬ್ಲೌಸ್ ಯಾಕೆ ಜಗ್ಗುತ್ತದೆ ಅಂತ ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಕಾಗದ ಇರುವವರೆಗೆ ಅದು ಅಂಚನ್ನು ಹಿಡಿದಿರುತ್ತದೆ. ಹಾಗಾಗಿ ನಾಲ್ಕು ಚೌಕ ಜೋಡಿಸುವ ತನಕ ಕಾಗದ ತೆಗೆಯಲೇಬೇಡಿ. ಜೋಡಿಸಿದ ಮೇಲೆ ಹೊರಗಿನ ನಾಲ್ಕು ಅಂಚು ಮತ್ತೆ ಸಡಿಲ. ಅಂಚಿನ ಒಳಗೆ ಒಂದು ನೂಲಿನಷ್ಟು (ಇಂಚಿನ ಎಂಟನೇ ಒಂದು ಭಾಗ) ಬಿಟ್ಟು ಸುತ್ತಲೂ ಹೊಲಿಗೆ ಹಾಕಿ, ಆಮೇಲೆ ಕಾಗದ ತೆಗೆಯಿರಿ. ಇಸ್ತ್ರಿಯಲ್ಲಿ ಹಬೆ ಬೇಡ, ಕಾಗದ ಸುರುಳಿ ಸುತ್ತುತ್ತದೆ.

ಹಾಳಾದ ಒಂಬತ್ತನ್ನು ಎಸೆಯಬೇಡಿ. ತೆಳು ಗಂಜಿ ಹಾಕಿ, ಎಳೆಯದೆ ಮೇಲಿಂದ ಒತ್ತಿ ಇಸ್ತ್ರಿ ಮಾಡಿ. ಆಮೇಲೆ ಹೊಸ ಕಾಗದಕ್ಕೆ ಟಾಕಿ ಹಾಕಿ ಮತ್ತೆ ಎಂಟೂವರೆಗೆ ಕತ್ತರಿಸಿ.

ಕಾಗದಕ್ಕೆ ಹಳೆ ಪೇಪರ್ ಬೇಡ. ಅದೇ ಜಾತಿಯ, ಅಚ್ಚಾಗದ ಖಾಲಿ ಕಾಗದ ಸಿಗುತ್ತದೆ, ಮಕ್ಕಳ ರಫ್ ಪ್ಯಾಡ್‌ನದ್ದು. ನಾನು ಇಲ್ಲಿ ಪುಣೆಯ ಅಪ್ಪಾ ಬಳವಂತ ಚೌಕದಿಂದ ತರುತ್ತೇನೆ. ಎ4 ತಂದು ಮೋಸ ಹೋಗಬೇಡಿ. ಅದರ ಅಗಲ ಎಂಟೂಕಾಲು ಇಂಚು, ನಿಮ್ಮ ಚೌಕ ಅದರಲ್ಲಿ ಕೂರುವುದಿಲ್ಲ. ದೊಡ್ಡ ಹಾಳೆ ನೋಡಿ.

ನಡುವಿನ ಪಟ್ಟಿ ನಾಲ್ಕು ಚೌಕದಲ್ಲೂ ಒಂದೇ ಬಣ್ಣವಾದರೆ ಕವರ್ ಮೇಲೆ ಚಂದದ ಹರಳಿನಾಕಾರ ಬರುತ್ತದೆ. ಆದರೆ ಪಟ್ಟಿ ಸರಿ ಮೂಲೆಗೆ ಹೋಗಬೇಕು. ಕಾಗದವನ್ನು ಮೂಲೆಯಿಂದ ಮೂಲೆಗೆ ಮಡಚಿ ಗೆರೆ ಬೀಳಿಸಿ. ಪಟ್ಟಿಯನ್ನೂ ಉದ್ದಕ್ಕೆ ಮಡಚಿ. ಎರಡೂ ಗೆರೆ ಕೂಡಿಸಿ, ಒಂದು ಚೂರು ಅಂಟು ಹಚ್ಚಿ. ಮೂಲೆಯಿಂದ ಮೂಲೆಗೆ 12 ಇಂಚು ಬರುತ್ತದೆ, ಪಟ್ಟಿ 13 ಇಂಚು ಇರಲಿ. ಪರದೆಯ ಪನ್ನ (ಬಟ್ಟೆಯ ಅಗಲ) 44 ಇಂಚು ಆದರೆ ಒಂದು ಸಾಲಿಗೆ ಮೂರು ಪಟ್ಟಿ. ಎರಡು ಇಂಚು ಅಗಲದ 22 ಸಾಲು. ಒಂದೂಕಾಲು ಮೀಟರ್ ಒಳಗೆ 64 ಮುಗಿಯಿತು.

ಅಮೆರಿಕದಲ್ಲಿ 1930ರ ಬಡತನದ ಕಾಲದಲ್ಲಿ ಹೆಂಗಸರು ಈ ಪಟ್ಟಿ ಚೌಕಗಳನ್ನು ಬಹಳ ಹೊಲಿದರು. ಪೇಪರು, ಅಂಗಡಿಯ ಕ್ಯಾಟಲಾಗು, ಸಿಕ್ಕಿದ್ದೇ ಕಾಗದ. ಅರ್ಧಕ್ಕೆ ನಿಂತ ಹಳೆ ಚೌಕಗಳ ಹಿಂದೆ ಆ ಕಾಗದ ಈಗಲೂ ಅಂಟಿಕೊಂಡಿರುತ್ತದೆ. ಅದರ ಮೇಲಿನ ತಾರೀಖು ನೋಡಿ ಚೌಕದ ವಯಸ್ಸು ಅಂದಾಜು ಮಾಡುತ್ತಾರೆ. ನೀವೂ ಒಂದು ಚೌಕದ ಕಾಗದ ತೆಗೆಯದೆ ನಿಮಗಾಗಿ ಇಟ್ಟುಕೊಳ್ಳಿ ಅಕ್ಕಾ.

ಲಾಲ್‌ಬಾಗ್ ಕಾಕಾ

ತಂಗಿ, ಕೆಂಪು ಪರದೆಯ ಬಗ್ಗೆ ನಾನು ಹೇಳಬಲ್ಲೆ. 1982ರ ಜನವರಿಯಲ್ಲಿ ಮುಂಬಯಿಯ ಬಟ್ಟೆ ಮಿಲ್‌ಗಳ ಮುಷ್ಕರ ಶುರುವಾಗುವವರೆಗೆ ಏಳು ವರ್ಷ ಬಣ್ಣದ ಖಾತೆಯಲ್ಲಿ ದುಡಿದವನು.

ಉಪ್ಪು ಹಾಕು, ವಿನೆಗರ್ ಹಾಕು, ಬಣ್ಣ ಕಟ್ಟುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಕೇಳಬೇಡ. ಉಪ್ಪು ಹಾಕುವುದು ಬಟ್ಟೆಗೆ ಬಣ್ಣ ಕೊಡುವ ಹೊತ್ತಿನಲ್ಲಿ, ನೀರಿನ ಬಣ್ಣ ನೂಲಿಗೆ ಹತ್ತಲಿ ಅಂತ. ಬಣ್ಣವಾಗಿ ವರ್ಷಗಳಾದ ಬಟ್ಟೆಗೆ ಹಾಕಿದರೆ ಏನೂ ಆಗುವುದಿಲ್ಲ.

ಕೆಂಪಿನಲ್ಲಿ ಎರಡು ತರ ನೋಡು. ಒಂದು ನ್ಯಾಫ್ತಾಲ್ ಕೆಂಪು. ಇದು ನೂಲಿನ ಒಳಗೇ ಕಟ್ಟಿಕೊಳ್ಳುವ ಬಣ್ಣ, ನೀರಿಗೆ ಹೆದರುವುದಿಲ್ಲ. ಆದರೆ ಹೆಚ್ಚಾದ ಬಣ್ಣ ಮೇಲೆ ಪುಡಿಯಾಗಿ ಕೂರುತ್ತದೆ. ಅದನ್ನು ತೆಗೆಯಲು ಮಿಲ್‌ನಲ್ಲಿ ಕುದಿಯುವ ಸಾಬೂನು ನೀರಿನಲ್ಲಿ ಆಡಿಸುತ್ತಿದ್ದೆವು. ಸೋಪಿಂಗ್ ಅನ್ನುತ್ತಿದ್ದೆವು. ಅದು ಸರಿಯಾಗದಿದ್ದರೆ ಬಟ್ಟೆ ಉಜ್ಜಿದಾಗೆಲ್ಲ ಬಣ್ಣ ಬಿಡುತ್ತದೆ. ಎರಡನೆಯದು ಅಗ್ಗದ ಡೈರೆಕ್ಟ್ ಬಣ್ಣ. ಅದು ನೀರು ಕಂಡರೆ ಹೊರಡುತ್ತಲೇ ಇರುತ್ತದೆ.

ನಿನ್ನದು ಯಾವುದು ಅಂತ ನೋಡಲು ಅಂಗೈಯಷ್ಟು ತುಂಡು ಕತ್ತರಿಸಿ ಹಳೆ ಪಾತ್ರೆಯಲ್ಲಿ ಸಾಬೂನು ಹಾಕಿ 20 ನಿಮಿಷ ಕುದಿಸು. ನೀರು ಚೆಲ್ಲಿ ಹೊಸ ನೀರಿನಲ್ಲಿ ಮತ್ತೆ ಕುದಿಸು. ನಾಲ್ಕನೇ ಸಲಕ್ಕೆ ನೀರು ತಿಳಿಯಾದರೆ ನೀನು ಗೆದ್ದೆ. ಆಮೇಲೆ ಒದ್ದೆ ತುಂಡನ್ನು ಎರಡು ಬಿಳಿ ಬಟ್ಟೆಯ ನಡುವೆ ಇಟ್ಟು ಬಿಸಿ ಇಸ್ತ್ರಿ ಒತ್ತು. ಬಿಳಿ ಬಿಳಿಯಾಗೇ ಉಳಿದರೆ ಇಡೀ ಪರದೆ ಹಾಗೇ ಮಾಡು. ಉಳಿಯದಿದ್ದರೆ ಕೆನೆ ಬಣ್ಣದ ಪಕ್ಕ ಆ ಪರದೆ ಇಡಬೇಡ, ಗಾಢ ಬಣ್ಣಗಳ ಪಕ್ಕ ಮಾತ್ರ ಹಾಕು.

ಪರದೆಯನ್ನು ಹೊಲಿಯುವ ಮುಂಚೆಯೇ ಕುದಿಸಬೇಕು. ಕವರ್ ಆದ ಮೇಲೆ ರುಬಿಯಾ, ಖಣ ಎಲ್ಲ ಕೂಡಿರುತ್ತದೆ. ಆಗ ಯಾರೂ ಕಾಪಾಡಲಾರರು.

ಮಡಗಾಂವ್ ಮನೆ

ನಾನು ಸ್ವಲ್ಪ ಬೇರೆ ಮಾತು ಹೇಳುತ್ತೇನೆ. ಕಾಗದವೇ ಬೇಡ ಅಕ್ಕ. ಹಳೆ ಧೋತರ ಅಥವಾ ಮಾಂಜರಪಾಟ್ (ಒರಟು ಕೋರಾ ಹತ್ತಿ ಬಟ್ಟೆ) ಚೌಕ ಕತ್ತರಿಸಿ ಅದರ ಮೇಲೆಯೇ ಹೊಲಿಯಿರಿ. ಹರಿಯುವ ಕೆಲಸವೇ ಇಲ್ಲ. ಅಂಚೂ ಜಗ್ಗುವುದಿಲ್ಲ. ಬ್ರೊಕೇಡ್ ನೂಲು ಬಿಚ್ಚುವುದೂ ಕಡಿಮೆಯಾಗುತ್ತದೆ, ಹಿಂದೆ ಬಟ್ಟೆಯ ಆಧಾರ ಇರುತ್ತದಲ್ಲ. ಇಲ್ಲಿ ಗೋವೆಯ ಮಳೆಗಾಲದಲ್ಲಿ ಒಮ್ಮೆ ಕಾಗದದ ಮೇಲೆ ಮಾಡಿದ್ದೆ. ರಾತ್ರಿ ಇಟ್ಟ ಚೌಕ ಬೆಳಿಗ್ಗೆ ತೇವ ಹೀರಿ ಹಪ್ಪಳದ ಹಾಗೆ ಬಾಗಿತ್ತು.

ನಮ್ಮ ಊರು ಹಳಿಯಾಳದ ಕಡೆ. ಅಲ್ಲಿ ಸಿದ್ದಿ ಹೆಣ್ಣುಮಕ್ಕಳು ಹೊಲಿಯುವ ಕೌದಿ ನೋಡಿದ್ದೀರಾ? ಅವರ ಹಿರಿಯರಲ್ಲಿ ಬಹಳ ಜನರನ್ನು ಪೋರ್ಚುಗೀಸರು ಆಫ್ರಿಕಾದಿಂದ ಗುಲಾಮರಾಗಿ ಇದೇ ಗೋವೆಗೆ ತಂದಿದ್ದರು. ಹಳೆ ಸೀರೆ ಹಾಸಿ, ಅಂಚಿನಿಂದ ಶುರುಮಾಡಿ, ಒಂದೊಂದೇ ತುಂಡು ಇಟ್ಟು ಒಳಗೆ ಸುತ್ತುತ್ತ ಹೋಗುತ್ತಾರೆ. ಅಳತೆಪಟ್ಟಿ ಇಲ್ಲ, ಕಾಗದ ಇಲ್ಲ. ಕೊನೆಗೆ ನಾಲ್ಕು ಮೂಲೆಗೂ ಬಟ್ಟೆ ಮಡಚಿ ತ್ರಿಕೋನದ ಫೂಲ ಇಡುತ್ತಾರೆ. ಅದಿಲ್ಲದೆ ಕೌದಿ ಪೂರ್ತಿಯಾಯಿತು ಅಂತ ಅವರಿಗೆ ಅನಿಸುವುದಿಲ್ಲ. ನಿಮ್ಮ ಕವರ್‌ನ ಮೂಲೆಗೂ ಖಣದ ಒಂದು ಫೂಲ ಇಟ್ಟು ನೋಡಿ.

ಒಂದು ಪ್ರಶ್ನೆ. ಯಾರ ಮನೆಯ ಕವರ್‌ಗೆ ಅವರದೇ ಬ್ಲೌಸ್ ಚೂರು ಹಾಕುತ್ತೀರಾ, ಇಲ್ಲ ಎಲ್ಲ ಬೆರೆಸುತ್ತೀರಾ? ಬೆರೆಸಿ ಅಂತ ನನ್ನ ಆಸೆ. ತಮ್ಮ ಬಟ್ಟೆ ಅವರ ಹತ್ತಿರ ಇದ್ದೇ ಇರುತ್ತದೆ. ಪಕ್ಕದ ಮನೆಯವಳದ್ದು ಇರುವುದಿಲ್ಲ.

ಮುಲುಂಡ್ ಟೈಲರಕ್ಕ

ಹನ್ನೆರಡು ದಿನ ಆಯಿತು. ಎಲ್ಲರಿಗೂ ಉತ್ತರ ಕೊಡಬೇಕು.

ಕಾಕಾ, ತುಂಡು ಕುದಿಸಿದೆ. ಮೊದಲ ನೀರು ಬೀಟ್‌ರೂಟ್ ರಸದ ಹಾಗೆ ಬಂತು. ಹೆದರಿದೆ. ಎರಡನೆಯದು ಗುಲಾಬಿ, ಮೂರನೆಯದು ಇನ್ನೂ ತೆಳು, ನಾಲ್ಕನೆಯದು ತಿಳಿ. ಇಸ್ತ್ರಿ ಒತ್ತಿದಾಗ ಬಿಳಿ ಬಟ್ಟೆಗೆ ಏನೂ ಹತ್ತಲಿಲ್ಲ. ಮರುದಿನ ಇಡೀ ಪರದೆ ಕುದಿಸಿದೆ. ಈಗ ಇಟ್ಟಿಗೆ ಬಣ್ಣಕ್ಕೆ ಬಂದಿದೆ. ಹಳೆ ಖಣದ ಪಕ್ಕ ಇಟ್ಟರೆ ಮೊದಲಿನ ಕೆಂಪಿಗಿಂತ ಚೆನ್ನಾಗಿ ಕಾಣುತ್ತದೆ. ನಿಮಗೆ ಎಷ್ಟು ಧನ್ಯವಾದ ಹೇಳಿದರೂ ಸಾಲದು.

ಕೋಥರೂಡ್ ತಂಗಿ, ನನ್ನದು ಹಳೆ ಕರಿ ಮಷಿನ್ನೇ. ಇಂಚಿಗೆ 17 ಟಾಕಿಗೆ ತಂದಿದ್ದೇನೆ. ಕಾಗದ ಈಗ ಸರ್ರನೆ ಬಿಡುತ್ತದೆ. ಮೊದಲಿನ ಒಂಬತ್ತರಲ್ಲಿ ಏಳು ಸರಿಹೋದವು. ಮಸಿ ಹತ್ತಿದ ಎರಡನ್ನು ಬಿಚ್ಚಿ ಪಟ್ಟಿ ಮತ್ತೆ ಚೀಲಕ್ಕೆ ಹಾಕಿದೆ.

ಮಡಗಾಂವ್ ತಂಗಿ, ಬಟ್ಟೆಯ ಮೇಲೂ ಒಂದು ಕವರ್ ಮಾಡಿ ನೋಡಿದೆ. ಗಟ್ಟಿ ಇದೆ, ನಿಜ. ಆದರೆ ನಾಲ್ಕು ಚೌಕ ಸೇರುವ ನಡುಮಧ್ಯೆ ದಪ್ಪವಾಗಿ ಒರಗಿದರೆ ಚುಚ್ಚುತ್ತದೆ. ಆದ್ದರಿಂದ ರುಬಿಯಾ, ಖಣಕ್ಕೆ ಕಾಗದ, ಬ್ರೊಕೇಡ್ ಜಾಸ್ತಿ ಇರುವುದಕ್ಕೆ ಮಾತ್ರ ಹಳೆ ಧೋತರ. ನಿಮ್ಮ ಮಾತಿನಂತೆ ಎಲ್ಲ ಬೆರೆಸುತ್ತಿದ್ದೇನೆ. ಪ್ರತಿ ಮನೆಗೆ ಅವರದೇ ಒಂದು ಪಟ್ಟಿ, ಉಳಿದದ್ದೆಲ್ಲ ಬೇರೆ ಮನೆಗಳದ್ದು. ಎರಡನೇ ಮಾಳಿಗೆಯ ಕಾಕು ನಿನ್ನೆ ಫಾಲ್ ಹಚ್ಚಿಸಲು ಬಂದವರು ಕೆಲಸ ನೋಡಿಬಿಟ್ಟರು. ಒಂದು ಗಿಳಿ ಹಸಿರು ಪಟ್ಟಿ ಹಿಡಿದು "ಇದು ನನ್ನ ಮಗಳ ಸೀಮಂತದ್ದು" ಅಂದರು. ಆ ಬ್ಲೌಸ್ ಹೊಲಿದು 14 ವರ್ಷ ಆಗಿದೆ. ಆ ಮಗು ಈಗ ಎಂಟನೇ ಕ್ಲಾಸು.

ಕೆಳಗಿನ ಮನೆಯಲ್ಲಿ ಒಬ್ಬ ಅಜ್ಜ ಒಬ್ಬರೇ ಇದ್ದಾರೆ. ಅವರ ಮನೆಯಿಂದ ಬ್ಲೌಸ್ ಎಂದೂ ಬಂದಿಲ್ಲ. ದಿಂಬಿನ ಚೀಲ ಒಮ್ಮೆ ಹೊಲಿದು ಕೊಟ್ಟಿದ್ದೆ. ನೀಲಿ ಗೆರೆಯ ಆ ಬಟ್ಟೆಯ ಪಟ್ಟಿ ಮೂರನೇ ಚೀಲದ ತಳದಲ್ಲಿ ಸಿಕ್ಕಿತು. 16 ಮನೆಗೂ ಈಗ ಪಟ್ಟಿ ಆಯಿತು.

28 ಚೌಕ ಮುಗಿದಿವೆ. ಕೊನೆಯ ಪ್ರಶ್ನೆ: ಹಿಂಭಾಗಕ್ಕೆ ಝಿಪ್ ಹಾಕಲೇ, ಇಲ್ಲ ಒಂದರ ಮೇಲೊಂದು ಬರುವ ಬೆನ್ನು ಸಾಕೇ?

ಕೋಥರೂಡ್ ಕೌದಿ

ಝಿಪ್ ಬೇಡ ಅಕ್ಕಾ, 16 ಝಿಪ್ ಕೂರಿಸಲು ನಿಮಗೆ ಸಮಯವಿಲ್ಲ. ಹದಿನಾರೂವರೆಗೆ ಹನ್ನೊಂದೂವರೆ ಇಂಚಿನ ಎರಡು ತುಂಡು ಕತ್ತರಿಸಿ. ಒಂದೊಂದರ ಉದ್ದ ಅಂಚನ್ನು ಒಂದು ಇಂಚು ಮಡಚಿ ಹೊಲಿಯಿರಿ. ಒಂದರ ಮೇಲೊಂದು ನಾಲ್ಕೂವರೆ ಇಂಚು ಬರುತ್ತದೆ, ಬಾಯಿ ತೆರೆಯುವುದಿಲ್ಲ. ಚೌಕದ ಹಿಂದೆ ತೆಳು ಅಸ್ತರ ಒಂದು ಪದರ ಇಟ್ಟು ಜೋಡಿಸಿ, ಒಗೆದಾಗ ಒಳಗಿನ ಅಂಚು ಬಿಚ್ಚುವುದಿಲ್ಲ. ಎದುರು ಮನೆಯವರು ಪುಣೆಯಲ್ಲಿ ಯಾವ ಕಡೆ ಬರುತ್ತಿದ್ದಾರೆ ಹೇಳಿ. ಹತ್ತಿರವಾದರೆ ಹೋಗಿ ಕವರ್ ನೋಡಿ ಬರುತ್ತೇನೆ.