ಓದುಗರ ಸ್ಪಂದನ: ಆರು ವರ್ಷವಾದರೂ ಅದೇ ಕುರ್ಚಿ

ಕಳೆದ ವಾರದ ಪತ್ರ: ‘ನನಗೆ 31 ವರ್ಷ. ಬೆಂಗಳೂರಿನ ಒಂದು ವೃತ್ತಿಪರ ಫುಟ್‌ಬಾಲ್ ಕ್ಲಬ್‌ನ ಕಚೇರಿಯಲ್ಲಿದ್ದೇನೆ. ಪಂದ್ಯದ ದಿನದ ವ್ಯವಸ್ಥೆಯೆಲ್ಲ ನನ್ನದೇ. ಆರು ವರ್ಷದಿಂದ ಹುದ್ದೆ ಮಾತ್ರ ಎಕ್ಸಿಕ್ಯುಟಿವ್. ಎರಡು ಸಲ ಮ್ಯಾನೇಜರ್ ಜಾಗ ಖಾಲಿಯಾಯಿತು. ಎರಡು ಸಲವೂ ಹೊರಗಿನವರು ಬಂದರು, ಅವರಿಗೆ ಕೆಲಸ ಕಲಿಸಿದ್ದು ನಾನೇ. ಮನೆಯವರು ಐಟಿ ಕಂಪನಿ ಸೇರು ಅಂತಾರೆ. ಆಟ ಬಿಟ್ಟು ಹೋಗಲು ಮನಸ್ಸಿಲ್ಲ. ಏನು ಮಾಡಲಿ?’

•

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನಾನೂ ಒಂದು ಕ್ಲಬ್‌ನ ಟಿಕೆಟ್ ವಿಭಾಗದಲ್ಲಿ ಐದು ವರ್ಷ ಇದ್ದವಳು. ಪಂದ್ಯದ ದಿನ ಬೆಳಿಗ್ಗೆ ಏಳಕ್ಕೆ ಹೋದರೆ ಮನೆ ಸೇರೋದು ರಾತ್ರಿ ಹನ್ನೆರಡಕ್ಕೆ. ಪೊಲೀಸ್ ಬಂದೋಬಸ್ತ್, ಆಂಬುಲೆನ್ಸ್, ಬಾಲ್ ಬಾಯ್ ಮಕ್ಕಳ ತಿಂಡಿ, ಎದುರಾಳಿ ತಂಡದ ಬಸ್ಸು, ಮಳೆ ಬಂದರೆ ಸ್ಕ್ಯಾನರ್ ಮೇಲೆ ಹೊದಿಸೋ ಪ್ಲಾಸ್ಟಿಕ್ ಹಾಳೆ. ಎಲ್ಲ ಸರಿಯಾಗಿ ನಡೆದರೆ ಅದು ಯಾರ ಕಣ್ಣಿಗೂ ಬೀಳಲ್ಲ. ಒಂದು ಗೇಟ್ ತೆರೆಯೋದು ಹತ್ತು ನಿಮಿಷ ತಡವಾದರೆ ಸಾಕು, ಊರಿಗೆಲ್ಲ ಗೊತ್ತಾಗುತ್ತದೆ.

ನಿಮ್ಮ ಬಡ್ತಿ ಸಿಕ್ಕಿಹಾಕಿಕೊಂಡಿರೋದು ಇಲ್ಲೇ. ಆಟಗಾರನಿಗೆ ಗೋಲಿನ ಲೆಕ್ಕ ಇದೆ, ಕೋಚ್‌ಗೆ ಗೆಲುವಿನ ಲೆಕ್ಕ ಇದೆ. ನಮ್ಮ ಕೆಲಸದ ಲೆಕ್ಕವನ್ನು ನಾವೇ ಬರೆಯಬೇಕು. ನಾನು ಬರೆಯಲಿಲ್ಲ, ಬಡ್ತಿ ಕೇಳಲು ಹೋದಾಗ ಕೈಯಲ್ಲಿ ಏನೂ ಇರಲಿಲ್ಲ. ‘ನೀವು ತುಂಬಾ ಕಷ್ಟಪಡ್ತೀರಿ’ ಎಂದು ಟೀ ಕುಡಿಸಿ ಕಳಿಸಿದರು. ನೀವು ಇವತ್ತೇ ಶುರು ಮಾಡಿ. ಪ್ರತಿ ಪಂದ್ಯಕ್ಕೆ ಒಂದು ಪುಟ ಸಾಕು. ಎಷ್ಟು ಜನ ಬಂದರು, ಗೇಟ್ ಎಷ್ಟಕ್ಕೆ ತೆರೆಯಿತು, ಎಲ್ಲಿ ಖರ್ಚು ಉಳಿಸಿದಿರಿ, ಯಾವ ಗಲಾಟೆ ಆಗದ ಹಾಗೆ ನೋಡಿಕೊಂಡಿರಿ.

ಇನ್ನೊಂದು ಮಾತು. ಸುಮ್ನೆ ‘ಬಡ್ತಿ ಕೊಡಿ’ ಅನ್ನಬೇಡಿ, ಇಂಥದೇ ಹುದ್ದೆ ಬೇಕು ಅಂತ ಕೇಳಿ. ಏಷ್ಯಾ ಫುಟ್‌ಬಾಲ್ ಒಕ್ಕೂಟದ ಕ್ಲಬ್ ಲೈಸೆನ್ಸ್ ನಿಯಮಗಳಲ್ಲಿ ಜನರಲ್ ಮ್ಯಾನೇಜರ್, ಹಣಕಾಸು ಅಧಿಕಾರಿ, ಮಾಧ್ಯಮ ಅಧಿಕಾರಿ, ಭದ್ರತಾ ಅಧಿಕಾರಿ ಇವೆಲ್ಲ ಇರಬೇಕಾದ ಹುದ್ದೆಗಳು. ಪಂದ್ಯದ ದಿನ ಪೊಲೀಸರ ಜೊತೆ ನಿಂತು ಕೆಲಸ ಮಾಡಿದ ನಿಮಗೆ ಭದ್ರತಾ ಅಧಿಕಾರಿಯ ಕೆಲಸ ಹೊಸದೇನಲ್ಲ. ಅದಕ್ಕೆ ಬೇಕಾದ ತರಬೇತಿಗೆ ಕಳಿಸಿ ಎಂದು ಬರವಣಿಗೆಯಲ್ಲಿ ಕೇಳಿ. ಉತ್ತರವೂ ಬರವಣಿಗೆಯಲ್ಲೇ ಬರಲಿ.

— ಮಾಜಿ ಕ್ಲಬ್ ಉದ್ಯೋಗಿ, ಹಲಸೂರು

•

ಮಾನವ ಸಂಪನ್ಮೂಲ ವಿಭಾಗದಲ್ಲಿ 20 ವರ್ಷ ದುಡಿದವನು ನಾನು. ರಾಜೀನಾಮೆ ಟೈಪ್ ಮಾಡುವ ಮೊದಲು ನಿಮ್ಮ ನೇಮಕಾತಿ ಪತ್ರ ತೆಗೆದು ಓದಿ ಮೇಡಂ. ನೀವು ಉದ್ಯೋಗಿಯೋ, ಕನ್ಸಲ್ಟೆಂಟೋ? ಸಂಬಳದಲ್ಲಿ ಪಿಎಫ್ ಹಿಡಿಯದೆ ಬರೀ ಶೇ 10 ಟಿಡಿಎಸ್ (ಹಣ ಕೊಡುವಾಗಲೇ ಕಡಿತ ಮಾಡುವ ಆದಾಯ ತೆರಿಗೆ) ಹಿಡಿಯುತ್ತಿದ್ದರೆ ನಿಮ್ಮನ್ನು ಕನ್ಸಲ್ಟೆಂಟ್ ಅಂತ ತೋರಿಸಿರುವ ಸಾಧ್ಯತೆ ಜಾಸ್ತಿ. ಕನ್ಸಲ್ಟೆಂಟ್‌ಗೆ ಬಡ್ತಿ ಎಲ್ಲಿಂದ ಬರಬೇಕು? ಮೊದಲು ಅದನ್ನು ಸರಿಪಡಿಸಿಕೊಳ್ಳಿ.

ಕಾಯಂ ಉದ್ಯೋಗಿಗೆ ಸತತ ಐದು ವರ್ಷ ಮುಗಿದರೆ ಕೆಲಸ ಬಿಡುವಾಗ ಗ್ರಾಚ್ಯುಟಿ ಹಣ ಸಿಗುತ್ತದೆ, ಸೇವೆಯ ಒಂದೊಂದು ವರ್ಷಕ್ಕೆ 15 ದಿನದ ವೇತನದ ಲೆಕ್ಕದಲ್ಲಿ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಹೊಸ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ನಿಗದಿತ ಅವಧಿಯ ಗುತ್ತಿಗೆಯವರಿಗೆ ಒಂದು ವರ್ಷ ಸಾಕು. ನಿಮ್ಮದು ಹನ್ನೊಂದು ತಿಂಗಳಿಗೊಮ್ಮೆ ಮುರಿದು ಮತ್ತೆ ಬರೆದ ಒಪ್ಪಂದವಾದರೆ, ಕಾಗದಗಳನ್ನು ಒಬ್ಬ ಕಾರ್ಮಿಕ ವಕೀಲರಿಗೆ ತೋರಿಸಿ. ಆರು ವರ್ಷದ ದುಡಿಮೆ ಅದು, ಬಿಟ್ಟುಕೊಡಬೇಡಿ.

ಆರು ತಿಂಗಳ ಮನೆ ಖರ್ಚು ಬೇರೆ ಎತ್ತಿಡಿ. 2025ರ ಜುಲೈನಲ್ಲಿ ಐಎಸ್‌ಎಲ್ ಫುಟ್‌ಬಾಲ್ ಲೀಗ್‌ನ ಸೀಸನ್ನನ್ನೇ ತಡೆಹಿಡಿದರಲ್ಲ, ಅದಕ್ಕೆ ಯಾವ ಕ್ಲಬ್‌ನ ನೌಕರರೂ ಕಾರಣರಲ್ಲ. ಸಂಘಟಕರಿಗೂ ಫೆಡರೇಷನ್‌ಗೂ 2010ರಲ್ಲಿ ಆಗಿದ್ದ 15 ವರ್ಷದ ಒಪ್ಪಂದ ಮುಗಿಯುತ್ತಾ ಬಂದಿತ್ತು, ಅಷ್ಟೇ. ನೀವು ಎಷ್ಟೇ ಚೆನ್ನಾಗಿ ಕೆಲಸ ಮಾಡಿದರೂ ಇಂಥದು ನಿಮ್ಮ ಕೈಯಲ್ಲಿಲ್ಲ.

— ಓದುಗರು, ಜಯನಗರ

•

ನಾನು ಕ್ರೀಡೆ ಬಿಟ್ಟು ಐಟಿ ಸೇರಿದೆ. ಸಂಬಳ ಹೆಚ್ಚಾಯಿತು, ಭಾನುವಾರ ಮಗಳ ಜೊತೆ ಇರುತ್ತೇನೆ. ಪಂದ್ಯದ ದಿನ ಸಂಜೆ ಈಗಲೂ ಹೊಟ್ಟೆಯಲ್ಲಿ ಏನೋ ಆಗುತ್ತದೆ ಅನ್ನೋದೂ ನಿಜ. ಎರಡೂ ಗೊತ್ತಿದ್ದೇ ನಿರ್ಧಾರ ಮಾಡಿ ಅಕ್ಕ.

— ಓದುಗರು, ಬೆಳ್ಳಂದೂರು

•

ಮಗಳೇ, ನಾನು ಮೇಜಿನ ಆ ಕಡೆ ಕೂತಿದ್ದವನು. ಚಿಕ್ಕವನಿದ್ದಾಗ ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಂನಲ್ಲಿ ಎಚ್‌ಎಎಲ್, ಐಟಿಐ ಕಾರ್ಖಾನೆಗಳ ತಂಡಗಳ ಆಟ ನೋಡಿ ಬೆಳೆದೆ. ಆ ಆಟಗಾರರಿಗೆ ಕಾರ್ಖಾನೆಯಲ್ಲಿ ನೌಕರಿ ಇರುತ್ತಿತ್ತು. ಭಾನುವಾರ ಸೋತರೂ ಸೋಮವಾರ ಕೆಲಸ ಇತ್ತು. ಈಗಿನ ಕ್ಲಬ್‌ಗಳಲ್ಲಿ ಆ ನೆಮ್ಮದಿ ಇಲ್ಲ. ಅದಕ್ಕೇ ಇರೋ ಜನರನ್ನು ಇನ್ನಷ್ಟು ಜೋಪಾನ ಮಾಡಬೇಕಿತ್ತು. ನಾನು ಮಾಡಲಿಲ್ಲ.

ನನ್ನ ಕೈಕೆಳಗೆ ಆಸ್ಟಿನ್ ಟೌನ್‌ನ ಒಬ್ಬ ಹುಡುಗ ಇದ್ದ. ಜರ್ಸಿ ಮೂಟೆ ಹೊರುವ ಕೆಲಸದಿಂದ ಶುರು ಮಾಡಿ, ಪಂದ್ಯದ ದಿನದ ಎಲ್ಲ ಕೆಲಸ ಕಲಿತಿದ್ದ. ಮೇಲಿನ ಜಾಗ ಖಾಲಿಯಾದಾಗ ಹೊರಗಿನಿಂದ ಎಂಬಿಎ ಮಾಡಿದವರನ್ನು ತಂದೆ. ‘ಇವನಿಗೆ ಫುಟ್‌ಬಾಲ್ ಅಂದರೆ ಪ್ರಾಣ, ಎಲ್ಲಿಗೆ ಹೋಗ್ತಾನೆ’ ಅಂದುಕೊಂಡೆ. ನಾಲ್ಕು ತಿಂಗಳಲ್ಲಿ ಹೋದ. ಮುಂದಿನ ಪಂದ್ಯದ ದಿನ ಜನರೇಟರ್‌ನವನು ಬರಲೇ ಇಲ್ಲ. ಪ್ರತಿ ಪಂದ್ಯಕ್ಕೂ ಹಿಂದಿನ ರಾತ್ರಿ ಅವನಿಗೆ ಫೋನ್ ಮಾಡಿ ನೆನಪಿಸುತ್ತಿದ್ದವನು ಆ ಹುಡುಗ. ಆ ನಂಬರ್ ನಮ್ಮ ಯಾವ ಫೈಲ್‌ನಲ್ಲೂ ಇರಲಿಲ್ಲ.

ಆಟದ ಮೇಲಿನ ನಿಮ್ಮ ಪ್ರೀತಿಯನ್ನು ಸಂಬಳದ ಬದಲು ಲೆಕ್ಕ ಹಾಕೋಕೆ ಯಾರಿಗೂ ಬಿಡಬೇಡಿ. ಈ ಸೀಸನ್ ಮುಗಿಯೋವರೆಗೆ ಗಡುವು ಕೊಡಿ. ಹುದ್ದೆ ಕೊಡದಿದ್ದರೆ ಹೊರಡಿ. ಅಕಾಡೆಮಿಗಳಿವೆ, ಕಬಡ್ಡಿ ಲೀಗ್ ಇದೆ, ಕಾಲೇಜು ಟೂರ್ನಿಗಳಿವೆ, ನಿಮ್ಮಂಥವರು ಬೇಕು. ನಿಮ್ಮ ಮೇಲಿನವರು ಈ ಪುಟ ಓದುತ್ತಿದ್ದರೆ ಅವರಿಗೂ ಹೇಳುತ್ತೇನೆ: ಮುಂದಿನ ಪಂದ್ಯಕ್ಕೆ ಮೊದಲೇ ಈಕೆಯನ್ನು ಕರೆದು ಕೂರಿಸಿ ಮಾತಾಡಿ.

— ನಿವೃತ್ತ ಕ್ರೀಡಾ ವ್ಯವಸ್ಥಾಪಕರು, ಬಸವನಗುಡಿ